ನಾಲ್ಕು ವರ್ಷದ ಸೇನಾ ಸೇವೆಯ ಬಳಿಕ ವಿಮಾನಯಾನ ಕ್ಷೇತ್ರ: ಯಾವ ಪದವಿ ಓದಬೇಕು?

ಕುಂಬಳೆಯ ಯುವಕರೊಬ್ಬರ ಪ್ರಶ್ನೆ

ನಾನು ವಾಯುಪಡೆಯಲ್ಲಿ ಅಗ್ನಿವೀರನಾಗಿದ್ದು, ವಿಮಾನ ನಿರ್ವಹಣೆಯ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ನಾಲ್ಕು ವರ್ಷದ ಅವಧಿ ಮುಗಿಯುವಾಗ ನನಗೆ 23 ತುಂಬಿರುತ್ತದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪ್ಲಸ್ ಟುವಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ತೆಗೆದುಕೊಂಡಿದ್ದೆ. ಖಾಯಂ ಆಗುವವರ ಪಟ್ಟಿಯಲ್ಲಿ ಹೆಸರು ಬಾರದಿದ್ದರೆ ಇದೇ ಕ್ಷೇತ್ರದಲ್ಲಿ ಮುಂದುವರಿಯಬೇಕೆಂಬ ಆಸೆಯಿದೆ. ಮಂಗಳೂರಿನಲ್ಲಿ ಏವಿಯೇಷನ್ ಬಿಬಿಎ, ಕಾಸರಗೋಡಿನಲ್ಲಿ ಬಿಎಸ್ಸಿ ಭೌತಶಾಸ್ತ್ರ, ಬೆಂಗಳೂರಿನಲ್ಲಿ ಏರ್‌ಕ್ರಾಫ್ಟ್ ಮೇಂಟೆನೆನ್ಸ್, ಈ ಮೂರರಲ್ಲಿ ಯಾವುದು ಸರಿ ಎಂಬುದನ್ನು ಅನುಭವಸ್ಥರು ತಿಳಿಸಬೇಕಾಗಿ ವಿನಂತಿ.

ಬದಿಯಡ್ಕ ಕಡೆಯ ನಿವೃತ್ತ ವಾಯುಸೈನಿಕರು, ಈಗ ಬೆಂಗಳೂರಿನಲ್ಲಿ ವಿಮಾನ ನಿರ್ವಹಣಾ ಇಂಜಿನಿಯರ್

ನೀವು ಕೇಳಿದ ಮೂರು ಕೋರ್ಸುಗಳು ಮೂರು ಬೇರೆ ಬೇರೆ ಉದ್ಯೋಗಗಳಿಗೆ ಒಯ್ಯುವಂಥವು. ಆದ್ದರಿಂದ ಮೊದಲು ಉದ್ಯೋಗವನ್ನು ನಿಶ್ಚಯಿಸಿ, ಅದಕ್ಕೆ ಕಾನೂನು ಯಾವ ಅರ್ಹತೆಯನ್ನು ಕೇಳುತ್ತದೆ ಎಂದು ನೋಡಿ, ಪದವಿಯ ಯೋಚನೆಯನ್ನು ಆಮೇಲೆ ಮಾಡಿ.

ನಿರ್ವಹಣೆಯಲ್ಲೇ ಮುಂದುವರಿಯುವುದಾದರೆ ನಿಮಗೆ ಬೇಕಾದದ್ದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ ಕೊಡುವ ಲೈಸೆನ್ಸ್. ಈ ಲೈಸೆನ್ಸಿನ ಸಿಎಆರ್-66 ನಿಯಮಾವಳಿಯ ಪ್ರಕಾರ ಬಿ1 ವಿಭಾಗ ಎಂದರೆ ಎಂಜಿನ್ ಮತ್ತು ಮೆಕ್ಯಾನಿಕಲ್ ಭಾಗ, ಬಿ2 ಎಂದರೆ ಏವಿಯಾನಿಕ್ಸ್, ಅಂದರೆ ವಿಮಾನದ ಎಲೆಕ್ಟ್ರಾನಿಕ್ ವ್ಯವಸ್ಥೆಗಳು. ಇದಕ್ಕೆ ಪದವಿ ಬೇಕಿಲ್ಲ, ನಿಮ್ಮಲ್ಲಿರುವ ಪ್ಲಸ್ ಟು ವಿಷಯಗಳೇ ಸಾಕು. ಸಿಎಆರ್-147, ಅಂದರೆ ತರಬೇತಿ ಸಂಸ್ಥೆಗಳಿಗೆ ಡಿಜಿಸಿಎ ಕೊಡುವ ಮಾನ್ಯತೆಯಿರುವ ಸಂಸ್ಥೆಯಲ್ಲಿ 2,400 ಗಂಟೆಗಳ ಕೋರ್ಸ್ ಮುಗಿಸಿದವರಿಗೆ ಎರಡು ವರ್ಷದ ಪ್ರಾಯೋಗಿಕ ಅನುಭವ ಸಾಕಾಗುತ್ತದೆ. ಅಂಥ ಯಾವ ತಾಂತ್ರಿಕ ತರಬೇತಿಯೂ ಇಲ್ಲದವರಿಗೆ ಐದು ವರ್ಷ ಬೇಕು. ಲೈಸೆನ್ಸಿನ ಮಾಡ್ಯೂಲ್ ಪರೀಕ್ಷೆಗಳಲ್ಲಿ, ಅಂದರೆ ವಿಷಯವಾರು ಪರೀಕ್ಷೆಗಳಲ್ಲಿ ಉತ್ತೀರ್ಣರಾಗಲು ಶೇಕಡಾ 75 ಅಂಕ ಬರಬೇಕು. ಸೇನೆಯಿಂದ ಬಂದ ನಮ್ಮಂಥವರಿಗೆ ಎಂಜಿನ್ ವಿಷಯ ಅಷ್ಟೇನೂ ಕಠಿಣವಲ್ಲ. ಕಾಡುವುದು ಹತ್ತನೆಯ ಮಾಡ್ಯೂಲ್, ಅಂದರೆ ವಿಮಾನಯಾನ ಕಾನೂನು. ವಾಯುಪಡೆಯ ಹ್ಯಾಂಗರಿನ ಶಿಸ್ತೇ ಬೇರೆ, ನಾಗರಿಕ ಹ್ಯಾಂಗರಿನಲ್ಲಿ ವಿಮಾನವನ್ನು ಹಾರಾಟಕ್ಕೆ ಬಿಡುವ ಪತ್ರಕ್ಕೆ ಸಹಿ ಹಾಕುವವನು ಹೊರುವ ಕಾನೂನಿನ ಹೊಣೆಯೇ ಬೇರೆ.

ಸೇನೆಯಲ್ಲಿ ಗಳಿಸಿದ ಅನುಭವ ತತ್ಸಮಾನವೆಂದು ಕಂಡುಬಂದರೆ ಡಿಜಿಸಿಎ ಅದನ್ನು ಪರಿಗಣಿಸುತ್ತದೆ. ಆದರೆ ನಾಗರಿಕ ವಿಮಾನಗಳ ಮೇಲೆ ಹೆಚ್ಚುವರಿ ಅನುಭವವನ್ನೂ ಕೇಳುತ್ತದೆ. ಇಲ್ಲಿ ನಮ್ಮ ಹುಡುಗರು ಎಡವುವುದು ದಾಖಲೆಯ ವಿಷಯದಲ್ಲಿ. ನನ್ನ ಅನುಭವದ ಪುಸ್ತಕದ ಒಂದು ಪುಟದಲ್ಲಿ ದಿನಾಂಕ, ವಿಮಾನದ ಮಾದರಿ, ಮಾಡಿದ ಕೆಲಸ, ಉಸ್ತುವಾರಿ ವಹಿಸಿದವರ ಸಹಿ ಎಂದು ನಾಲ್ಕು ಕಾಲಮ್ಮುಗಳಿವೆ. ‘ಮುಖ್ಯ ಚಕ್ರ ಬದಲಾವಣೆ’, ‘ಹೈಡ್ರಾಲಿಕ್ ಸೋರಿಕೆ ಪತ್ತೆ, ಸೀಲ್ ಬದಲಾವಣೆ’ ಎಂದು ಸ್ಪಷ್ಟವಾಗಿ ಬರೆದ ಸಾಲುಗಳಿಗಿರುವ ತೂಕ ‘ನಾಲ್ಕು ವರ್ಷ ನಿರ್ವಹಣಾ ವಿಭಾಗದಲ್ಲಿ ಸೇವೆ’ ಎಂಬ ಒಂದು ಸಾಲಿನ ಪತ್ರಕ್ಕೆ ಇರುವುದಿಲ್ಲ. ಸೇನೆಯ ರಿಜಿಸ್ಟರುಗಳನ್ನು ಹೊರಗೆ ತರುವಂತಿಲ್ಲವಾದ್ದರಿಂದ, ಮಾಡಿದ ಕೆಲಸಗಳ ವಿವರವುಳ್ಳ ಪ್ರಮಾಣಪತ್ರವನ್ನು ನಿಮ್ಮ ಘಟಕದ ಅಧಿಕಾರಿಗಳಿಂದ ಕ್ರಮಪ್ರಕಾರ ಕೇಳಿ, ಸಮವಸ್ತ್ರದಲ್ಲಿರುವಾಗಲೇ ಪಡೆದುಕೊಳ್ಳಿ. ಬಿಡುಗಡೆಯಾದ ಮೇಲೆ ಊರಿನಿಂದ ಪತ್ರ ಬರೆದು ತರಿಸಿಕೊಳ್ಳುವುದು ಬಹಳ ಕಷ್ಟ.

ಹಾಗಾದರೆ ಪದವಿ ಬೇಡವೇ ಎಂದರೆ, ಬೇಕು. ಮೇಲಿನ ಹುದ್ದೆಗಳಿಗೂ ಯಾವುದಾದರೊಂದು ಪದವಿ ಕೇಳುವ ಸರ್ಕಾರಿ ಪರೀಕ್ಷೆಗಳಿಗೂ ಅದು ಬೇಕಾಗುತ್ತದೆ. ಅಗ್ನಿವೀರರಿಗೆಂದೇ ದೂರಶಿಕ್ಷಣದ ಮುಕ್ತ ವಿಶ್ವವಿದ್ಯಾಲಯವಾದ ಇಗ್ನೋ ರೂಪಿಸಿದ ಪದವಿಯಲ್ಲಿ ಅರ್ಧದಷ್ಟು ಕ್ರೆಡಿಟ್ ಸೇವೆಯಲ್ಲಿ ಪಡೆದ ಕೌಶಲ ತರಬೇತಿಯಿಂದಲೇ ಸಿಗುತ್ತದೆ. ಅದನ್ನು ಸೇವೆಯಲ್ಲಿರುವಾಗಲೇ ಆರಂಭಿಸಿದರೆ, ಹೊರಬಂದ ಮೇಲಿನ ವರ್ಷಗಳನ್ನು ಲೈಸೆನ್ಸಿಗಾಗಿ ಮೀಸಲಿಡಬಹುದು. ನಿರ್ವಹಣೆಯ ಹಾದಿಗೆ ನನ್ನ ಮಟ್ಟಿಗೆ ಇದೇ ಒಳ್ಳೆಯ ಕ್ರಮ.

ಪದವಿ ಮತ್ತು ಲೈಸೆನ್ಸ್ ಎರಡನ್ನೂ ಒಟ್ಟಿಗೆ ಕೊಡುತ್ತೇವೆ ಎನ್ನುವ ಜಾಹೀರಾತುಗಳನ್ನು ನಂಬುವ ಮೊದಲು ಒಂದು ವಿಷಯ ತಿಳಿದಿರಲಿ. ಪದವಿ ಕೊಡುವುದು ವಿಶ್ವವಿದ್ಯಾಲಯ, ಲೈಸೆನ್ಸ್ ಕೊಡುವುದು ಡಿಜಿಸಿಎ. ಕಾಲೇಜಿಗೆ ಸಿಎಆರ್-147 ಮಾನ್ಯತೆ ಇಂದಿಗೂ ಚಾಲ್ತಿಯಲ್ಲಿದೆಯೇ, ಯಾವ ವಿಭಾಗಕ್ಕೆ ಇದೆ ಎಂಬುದನ್ನು ಡಿಜಿಸಿಎಯ ಪಟ್ಟಿಯಲ್ಲೇ ನೋಡಿ. ಏವಿಯೇಷನ್ ಬಿಬಿಎ ಓದಿದವರು ವಿಮಾನ ನಿಲ್ದಾಣದ ಆಡಳಿತ, ಟಿಕೆಟ್ ಮತ್ತು ಸರಕು ವಿಭಾಗಗಳ ಕೆಲಸಕ್ಕೆ ಹೋಗುತ್ತಾರೆ. ಹ್ಯಾಂಗರಿನಲ್ಲಿ ಕೈ ಪಳಗಿದ ನಿಮಗೆ ಅದನ್ನು ನಾನು ಸೂಚಿಸಲಾರೆ.

ಪೆರ್ಲದ ಮಹಿಳೆ, ವಿಮಾನ ಸಂಚಾರ ನಿಯಂತ್ರಣ ವಿಭಾಗದ ಅಧಿಕಾರಿ

ಹಿರಿಯರು ಹೇಳಿದ್ದಕ್ಕೆ ಒಂದು ಮುಖ್ಯ ಎಚ್ಚರಿಕೆಯನ್ನು ಸೇರಿಸಬೇಕಾಗಿದೆ. ಬಿಎಸ್ಸಿ ಭೌತಶಾಸ್ತ್ರದ ಯೋಚನೆ ನಿಮಗೆ ಬಂದಿರುವುದು ಬಹುಶಃ ನಮ್ಮ ಹುದ್ದೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ವಿಮಾನ ನಿಲ್ದಾಣ ಪ್ರಾಧಿಕಾರದ ಜೂನಿಯರ್ ಎಕ್ಸಿಕ್ಯೂಟಿವ್ ಹುದ್ದೆಗೆ ಭೌತಶಾಸ್ತ್ರ ಮತ್ತು ಗಣಿತವಿರುವ ಪೂರ್ಣಾವಧಿಯ, ನಿಯಮಿತ ಬಿಎಸ್ಸಿ ಅಥವಾ ಇಂಜಿನಿಯರಿಂಗ್ ಪದವಿಯನ್ನು ಕೇಳುತ್ತಾರೆ. ಹೀಗಾಗಿ ದೂರಶಿಕ್ಷಣದ ಪದವಿಯನ್ನು ನಂಬಿಕೊಂಡು ಈ ಹಾದಿಗೆ ಬರಬಾರದು.

ಇನ್ನೊಂದು ತೊಡಕು ವಯಸ್ಸಿನದು. ಗರಿಷ್ಠ ಮಿತಿ 27 ವರ್ಷ. ನೀವು 23ಕ್ಕೆ ಹೊರಬಂದು ಮೂರು ವರ್ಷ ಓದಿದರೆ 26 ಅಥವಾ 27 ಆಗುತ್ತದೆ, ಆಮೇಲೆ ಒಂದೋ ಎರಡೋ ಅಧಿಸೂಚನೆಗಳಿಗಷ್ಟೇ ಅವಕಾಶ. ಮಾಜಿ ಸೈನಿಕರಿಗಿರುವ ಸಡಿಲಿಕೆ ತಾನಾಗಿಯೇ ನಿಮಗೂ ಸಿಗುತ್ತದೆಂದು ಭಾವಿಸಬೇಡಿ. ಅಗ್ನಿಪಥ ಯೋಜನೆಯ ನಿಯಮದಂತೆ ಅಗ್ನಿವೀರರಿಗೆ ಮಾಜಿ ಸೈನಿಕರ ಸ್ಥಾನಮಾನವಿಲ್ಲ. ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರಾದರೆ ಮೂರು ವರ್ಷದ ಸಡಿಲಿಕೆ ಇದೆ, ಅದರ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ.

ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಜಾರಿಗೆ ಬಂದಿದೆ, ಮೂರನೆಯ ವರ್ಷದ ಕೊನೆಗೆ ಪದವಿ ಪಡೆದು ಹೊರಬರಲು ಅವಕಾಶವಿದೆ. ವಯಸ್ಸಿನ ದೃಷ್ಟಿಯಿಂದ ನೀವು ಮೂರಕ್ಕೇ ನಿಲ್ಲಿಸಬೇಕು. ಭೌತಶಾಸ್ತ್ರವನ್ನು ಮೇಜರ್ ಆಗಿ ತೆಗೆದುಕೊಂಡರೆ ಗಣಿತವನ್ನು ಮೈನರ್ ಆಗಿ ಆರಿಸಿಕೊಳ್ಳಲು ಮರೆಯದಿರಿ, ಅಂಕಪಟ್ಟಿಯಲ್ಲಿ ಎರಡೂ ವಿಷಯಗಳು ಕಾಣಿಸಬೇಕು. ವಿದ್ಯಾನಗರದ ಸರ್ಕಾರಿ ಕಾಲೇಜಿನಲ್ಲಿ ಪ್ರವೇಶ ಪಡೆಯುವಾಗಲೇ ಇದನ್ನು ಅಧ್ಯಾಪಕರಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಲಿಖಿತ ಪರೀಕ್ಷೆಯ ಅರ್ಧ ಅಂಕಗಳು ಈ ಎರಡು ವಿಷಯಗಳದ್ದೇ. ಅದರ ಬಳಿಕ ಧ್ವನಿ ಪರೀಕ್ಷೆಯೂ ವೈದ್ಯಕೀಯ ಪರೀಕ್ಷೆಯೂ ಇವೆ. ಕನ್ನಡ ಮಾಧ್ಯಮದಲ್ಲಿ ಓದಿದ್ದು ಇದಕ್ಕೆ ಅಡ್ಡಿಯಲ್ಲ, ನಾನೂ ಹಾಗೆಯೇ ಓದಿದವಳು. ಆದರೆ ಇಂಗ್ಲಿಷನ್ನು ತಡವರಿಸದೆ, ಒಂದೇ ವೇಗದಲ್ಲಿ, ಸ್ಪಷ್ಟವಾಗಿ ಆಡುವ ಅಭ್ಯಾಸವನ್ನು ಇಂದಿನಿಂದಲೇ ಮಾಡಬೇಕು. ಸೇನೆಯಲ್ಲಿರುವ ನಿಮಗೆ ಅದಕ್ಕೆ ದಿನವೂ ಅವಕಾಶವಿದೆ.

ಈ ಹಾದಿ ನಿಮಗೆ ಸಾಧ್ಯವಿದೆ. ಆದರೆ ಇದೊಂದನ್ನೇ ನಂಬಿ ನಿರ್ವಹಣೆಯ ಅನುಭವವನ್ನು ಕೈಬಿಡಬೇಡಿ ಎಂಬುದು ನನ್ನ ಪ್ರಾಮಾಣಿಕ ಸಲಹೆ.

ಉಪ್ಪಳದ ನಿವೃತ್ತ ನೌಕಾ ಸೈನಿಕರು

ನೀವು ಪೈಲಟ್ ಆಗುವ ಮಾತೆತ್ತಿಲ್ಲ. ಆದರೂ ನಾಲ್ಕು ವರ್ಷ ಮುಗಿದಾಗ ಅಗ್ನಿವೀರರಿಗೆ ಸಿಗುವ ಸೇವಾನಿಧಿಯ ಸುಮಾರು ಹನ್ನೊಂದೂವರೆ ಲಕ್ಷ ರೂಪಾಯಿ ಕೈಗೆ ಬಂದಾಗ ಆ ಆಸೆ ಹುಟ್ಟಿಸುವವರು ಸುತ್ತ ಸೇರುತ್ತಾರೆ, ಆದ್ದರಿಂದ ಬರೆಯುತ್ತಿದ್ದೇನೆ. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೂ ಪದವಿ ಬೇಡ. ಪ್ಲಸ್ ಟುವಿನಲ್ಲಿ ಭೌತಶಾಸ್ತ್ರ ಮತ್ತು ಗಣಿತ, 200 ಗಂಟೆಗಳ ಹಾರಾಟ, ಡಿಜಿಸಿಎಯ ಪರೀಕ್ಷೆಗಳು ಮತ್ತು ಮೊದಲ ದರ್ಜೆಯ ವೈದ್ಯಕೀಯ ಅರ್ಹತೆ ಬೇಕು. ಖರ್ಚು ಸೇವಾನಿಧಿಯ ಹಲವು ಪಟ್ಟು ಆಗುವುದರಿಂದ ಉಳಿದ ಹಣಕ್ಕೆ ಮನೆಯ ಅಡಿಕೆ ತೋಟವನ್ನು ಅಡವಿಡುವ ಪ್ರಸಂಗ ಬರುತ್ತದೆ. ಅಷ್ಟಾಗಿಯೂ ಮನಸ್ಸು ಅತ್ತಲೇ ಎಳೆದರೆ, ಯಾವ ಶಾಲೆಗೂ ಒಂದು ರೂಪಾಯಿ ಮುಂಗಡ ಕಟ್ಟುವ ಮೊದಲು ಡಿಜಿಸಿಎ ಮಾನ್ಯ ಮಾಡಿದ ವೈದ್ಯರ ಬಳಿ ಪರೀಕ್ಷೆ ಮಾಡಿಸಿಕೊಂಡು ಫಲಿತಾಂಶವನ್ನು ಕೈಯಲ್ಲಿ ಹಿಡಿದುಕೊಳ್ಳಿ. ಸೇನೆಯ ವೈದ್ಯಕೀಯ ತಪಾಸಣೆಯಲ್ಲಿ ಪಾಸಾಗಿದ್ದೇನೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.