ಕೆತ್ತನೆ ಬೆಲ್ಟಿನ ಕಪ್ಪು ಬಣ್ಣ ಅಂಗಿಗೆ ಹತ್ತುತ್ತಿದೆ, ಏನು ಮಾಡಲಿ?

ಪ್ರಶ್ನೆ:
ನಮಸ್ಕಾರ. ಅಪ್ಪನಿಗೆ ಅಂತ ಮೊದಲ ಸಲ ಬೆಲ್ಟ್ ಮಾಡಿದೆ. ವೆಜ್-ಟ್ಯಾನ್ ಚರ್ಮ (ತೊಗಟೆ-ಕಾಯಿಗಳ ರಸದಲ್ಲಿ ಹದ ಮಾಡಿದ್ದು), ಬಳ್ಳಿ-ಎಲೆಯ ಕೆತ್ತನೆ. ಒಣಗಿದ ಮೇಲೆ ಕಪ್ಪು ಸ್ಪಿರಿಟ್ ಡೈ (ಸ್ಪಿರಿಟ್‌ನಲ್ಲಿ ಕರಗಿಸಿದ ಬಣ್ಣ) ಮೂರು ಸಲ, ಎರಡೂ ಬದಿಗೆ ಹಚ್ಚಿದೆ. ಚರ್ಮ ಬಿರುಸಾಯಿತೆಂದು ಕೊಬ್ಬರಿ ಎಣ್ಣೆ ಧಾರಾಳವಾಗಿ ಸವರಿ, ಅವತ್ತೇ ಸಂಜೆ ಮೇಲ್ಬದಿಗೆ ನೀರಿನ ಅಕ್ರಿಲಿಕ್ ಫಿನಿಶ್ (ಬಣ್ಣ ಕಾಪಾಡುವ ಮೇಲ್ಲೇಪ) ಕೊಟ್ಟೆ. ಈಗ ಬಗ್ಗಿಸಿದಲ್ಲೆಲ್ಲ ಫಿನಿಶ್ ಪೊರೆಯಂತೆ ಏಳುತ್ತಿದೆ. ಅಪ್ಪನ ಬಿಳಿ ಅಂಗಿಗೆ ಕಪ್ಪು ಪಟ್ಟೆ ಬಿದ್ದಿದೆ. ಇನ್ನೆರಡು ಕೋಟ್ ಕೊಟ್ಟರೆ ನಿಲ್ಲುತ್ತದಾ? ಕೆತ್ತನೆಗೇ ಹತ್ತು ದಿನ ಹಿಡಿದಿದೆ, ಬಿಸಾಡಲು ಮನಸ್ಸಿಲ್ಲ.

ಉತ್ತರ:
ಬಿಸಾಡಬೇಡಿ, ಉಳಿಸಬಹುದು. ಆದರೆ ಇನ್ನೊಂದು ಹನಿ ಫಿನಿಶ್ ಕೂಡ ಹಚ್ಚಬೇಡಿ. ಸ್ಪಿರಿಟ್ ಆರಿದ ಮೇಲೆ ಚರ್ಮ ಹೀರದ ಬಣ್ಣವೆಲ್ಲ ಪುಡಿಯಾಗಿ ಮೇಲೆಯೇ ಕೂತಿರುತ್ತದೆ. ಕಪ್ಪಿನಲ್ಲಿ ಈ ಕಾಟ ಎಲ್ಲಕ್ಕಿಂತ ಹೆಚ್ಚು. ಅದನ್ನು ಉಜ್ಜಿ ತೆಗೆಯದೆ ಫಿನಿಶ್ ಕೊಟ್ಟರೆ, ಫಿನಿಶ್ ಹಿಡಿದುಕೊಳ್ಳುವುದು ಆ ಪುಡಿಯನ್ನೇ ಹೊರತು ಚರ್ಮವನ್ನಲ್ಲ. ನಿಮ್ಮಲ್ಲಿ ಎಣ್ಣೆಯೂ ಅಡ್ಡ ಬಂದಿದೆ. ಕೊಬ್ಬರಿ ಎಣ್ಣೆ 24 ಡಿಗ್ರಿ ಸುಮಾರಿಗೆ ಕರಗುತ್ತದೆ, ಮೈಬಿಸಿಗೆ ಮತ್ತೆ ಮೇಲೆ ಬರುತ್ತದೆ. ಚರ್ಮಕ್ಕೆಂದೇ ಬಳಸುವ ನೀಟ್ಸ್‌ಫುಟ್ ಎಣ್ಣೆಯಾದರೂ (ದನದ ಕಾಲಿನ ಮೂಳೆಯಿಂದ ತೆಗೆದದ್ದು) ತೆಳುವಾಗಿ ಒಂದೇ ಕೈ ಸವರಿ, ಇಡೀ ದಿನ ಬಿಡಬೇಕು.

ಈಗ ಹೀಗೆ ಮಾಡಿ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಏಳುತ್ತಿರುವ ಪೊರೆಯನ್ನು ಒರೆಸಿ. ಕೆತ್ತಿದ ಗೆರೆಗಳಿಗೆ ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಸ್ವಲ್ಪ ಬಣ್ಣವೂ ಹೋಗುತ್ತದೆ, ಗಾಬರಿ ಬೇಡ. ಆಮೇಲೆ ಟಿಶ್ಯೂ ಪೇಪರ್ ಮಧ್ಯೆ ಬೆಲ್ಟ್ ಇಟ್ಟು, ದಿನಾ ಪೇಪರ್ ಬದಲಿಸಿ. ಬಿಸಿಲಿಗೆ ಮಾತ್ರ ಇಡಬೇಡಿ. ಎಣ್ಣೆಯ ಕಲೆ ಕಾಣುವುದು ನಿಂತ ಮೇಲೆ ಹಳೇ ಬಿಳಿ ಪಂಚೆಯ ತುಂಡಿನಿಂದ ಉಜ್ಜಿ. ತುಂಡು ಕಪ್ಪಾದರೆ ಇನ್ನೊಂದು ತಗೊಳ್ಳಿ. ಕೈ ಸೋಲುತ್ತದೆ, ಆದರೂ ಬಟ್ಟೆ ಬಿಳಿಯಾಗಿ ಬರುವ ತನಕ ಬಿಡಬೇಡಿ. ಇಡೀ ಕೆಲಸದ ಜೀವ ಇರುವುದು ಇಲ್ಲೇ. ಕೊನೆಗೆ ಫಿನಿಶ್, ತೀರಾ ತೆಳುವಾಗಿ ಎರಡು ಸಲ. ಒದ್ದೆ ಇರುವಾಗ ಹಿಂದೆ-ಮುಂದೆ ತಿಕ್ಕಿದರೆ ಕೆಳಗಿನ ಬಣ್ಣವೂ ಏಳುತ್ತದೆ.

ಮುಂದಿನ ಸಲ ಕಪ್ಪಿಗೆ ಮೊದಲು ಗಾಢ ನೀಲಿ ಒಂದು ಕೋಟ್ ಕೊಡಿ, ಕಪ್ಪು ಕಡಿಮೆ ಸಾಕಾಗುತ್ತದೆ.

ಇನ್ನೊಬ್ಬರು:
ಮುಂದಿನ ಬೆಲ್ಟಿಗೆ ಡೈ ಯಾಕೆ ಬೇಕು? ಅಥಣಿ ಚಪ್ಪಲಿಯ ಚರ್ಮದಂತೆ ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ್ದರಲ್ಲಿ ಟ್ಯಾನಿನ್ (ಚರ್ಮ ಹದ ಮಾಡುವ ಒಗರಿನ ಅಂಶ) ಇದ್ದೇ ಇರುತ್ತದೆ. ಎಣ್ಣೆ ಜಿಡ್ಡು ತೊಳೆದ ಸ್ಟೀಲ್ ವುಲ್ ಅನ್ನು ವಿನೆಗರ್‌ನಲ್ಲಿ ಒಂದೆರಡು ವಾರ ನೆನೆಸಿ, ಸೋಸಿ ಹಚ್ಚಿ. ಕಬ್ಬಿಣ ಟ್ಯಾನಿನ್ ಜೊತೆ ಸೇರಿ ಚರ್ಮವೇ ಕಪ್ಪಾಗುತ್ತದೆ, ಮೇಲೆ ಪುಡಿ ಕೂರುವುದಿಲ್ಲ. ನೆನೆಸುವಾಗ ಡಬ್ಬಿಯ ಮುಚ್ಚಳ ಬಿಗಿ ಮಾಡಬೇಡಿ, ಗ್ಯಾಸ್ ಬರುತ್ತದೆ. ಹಚ್ಚಿದ ಮೇಲೆ ತಿಳಿಯಾದ ಅಡಿಗೆ ಸೋಡಾ ನೀರಲ್ಲಿ ಒರೆಸಿ, ಬರೀ ನೀರಲ್ಲಿ ತೊಳೆದು, ಒಣಗಿದ ಮೇಲೆ ಎಣ್ಣೆ. ಕ್ರೋಮ್ ಹದದ (ಕ್ರೋಮಿಯಂ ಲವಣದಲ್ಲಿ ಹದ ಮಾಡಿದ) ಚರ್ಮಕ್ಕೆ ಇದು ನಡೆಯುವುದಿಲ್ಲ.

ಪ್ರಶ್ನೆ ಕೇಳಿದವರು:
ಎಂಟು ದಿನ ಆಯಿತು. ಐದು ತುಂಡು ಪಂಚೆ ಕಪ್ಪಾಯಿತು, ಆರನೆಯದು ಬಿಳಿಯಾಗೇ ಬಂತು. ಫಿನಿಶ್ ಕೊಟ್ಟು ಬಗ್ಗಿಸಿ ನೋಡಿದೆ, ಏಳುತ್ತಿಲ್ಲ. ತುಂಬಾ ಥ್ಯಾಂಕ್ಸ್ ಸರ್. ಆದರೆ ಒಳಬದಿ ಉಜ್ಜಿದರೆ ಇನ್ನೂ ಸ್ವಲ್ಪ ಕಪ್ಪು ಬರುತ್ತಿದೆ.

ಉತ್ತರ:
ಅಂಗಿಗೆ ತಾಗುವುದು ಆ ಬದಿಯೇ. ಅಲ್ಲಿ ನಾರು ಬಿಚ್ಚಿಕೊಂಡಿರುವುದರಿಂದ ಎಷ್ಟು ಉಜ್ಜಿದರೂ ಪುಡಿ ಉಳಿಯುತ್ತದೆ. ಬಣ್ಣ ಹಚ್ಚದ ತೆಳು ಚರ್ಮವೊಂದನ್ನು ಒಳಗೆ ಅಂಟಿಸಿ, ಅಂಚಿಗೆ ಹೊಲಿಗೆ ಹಾಕಿಬಿಡಿ. ಇನ್ನು ಮುಂದೆ ಒಳಬದಿಗೆ ಡೈ ಮುಟ್ಟಿಸಲೇಬೇಡಿ.

ಪ್ರಶ್ನೆ ಕೇಳಿದವರು:
ಹಾಗೇ ಮಾಡುತ್ತೇನೆ ಸರ್. ಅಂಟಿಸುವ ಮೊದಲು ಒಳಬದಿಯ ಎಣ್ಣೆಯನ್ನು ಇನ್ನೆರಡು ದಿನ ಟಿಶ್ಯೂಗೆ ಎಳೆಸಿ ನೋಡುತ್ತೇನೆ.