ಸೋಡಾ ಬಿಟ್ಟು ಏನು ಕುಡಿಯಲಿ? ತೂಕ ಇಳಿಸುವ ಆಪರೇಷನ್‌ಗೆ ಮುಂಚೆ, ಆಮೇಲೆ

ಪ್ರಶ್ನೆ (ದಾವಣಗೆರೆಯಿಂದ):
ನಮಸ್ಕಾರ ಮೇಡಂ. ನನಗೆ 36 ವರ್ಷ, ಹಾರ್ಡ್‌ವೇರ್ ಅಂಗಡಿ ಇದೆ. ಮುಂದಿನ ತಿಂಗಳು ಹೊಟ್ಟೆಚೀಲ ಚಿಕ್ಕದು ಮಾಡುವ ಸ್ಲೀವ್ ಆಪರೇಷನ್. ದಿನಾ ಮಧ್ಯಾಹ್ನ ಅಂಗಡಿಯಲ್ಲಿ 750 ಎಂ.ಎಲ್. ಕೋಲಾ ಬಾಟಲಿ ಒಂದು ಖಾಲಿ ಆಗುತ್ತೆ. ರಾತ್ರಿ ಊಟ ಆದ ಮೇಲೆ ನಿಂಬೆ ಸೋಡಾ ಬೇಕೇ ಬೇಕು, ಇಲ್ಲದಿದ್ರೆ ಊಟ ಮುಗಿದ ಹಾಗೇ ಅನಿಸಲ್ಲ. ಶುಗರ್‌ಗೆ ಮಾತ್ರೆ ತಗೊಳ್ತಿದ್ದೀನಿ. ಸರ್ಜನ್ ಈಗಿನಿಂದಲೇ ಬಿಡಿ ಅಂದರು. ಆಪರೇಷನ್ ಆದ ಮೇಲೆ ಹೇಗೂ ಬಿಡಬೇಕು, ಅಲ್ಲಿವರೆಗಾದರೂ ಕುಡಿಯಬಹುದಲ್ವಾ? ಸಕ್ಕರೆ ಇಲ್ಲದ ಕೋಲಾ ಆದರೆ ಪರವಾಗಿಲ್ವಾ?

ಉತ್ತರ (ಡಯಟೀಷಿಯನ್):
ನಮಸ್ಕಾರ. ನಿಮ್ಮ ಸರ್ಜನ್ ಹೇಳಿದ್ದು ಸರಿ. ಯಾಕೆ ಅಂತ ಗೊತ್ತಾದರೆ ಬಿಡೋದು ಸುಲಭ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮಾಮೂಲಿ ಕೋಲಾದಲ್ಲಿ 100 ಎಂ.ಎಲ್.ಗೆ 10ರಿಂದ 11 ಗ್ರಾಂ ಸಕ್ಕರೆ ಇರುತ್ತದೆ. ನಿಮ್ಮ ಒಂದು ಬಾಟಲಿಗೆ ಅದು ಸುಮಾರು 80 ಗ್ರಾಂ, ಅಂದರೆ 16 ಚಮಚ. ತೂಕ ಜಾಸ್ತಿ ಇರುವವರ ಲಿವರ್‌ನಲ್ಲಿ ಹೆಚ್ಚಾಗಿ ಕೊಬ್ಬು ತುಂಬಿರುತ್ತದೆ. ಹಾಗೆ ಊದಿಕೊಂಡ ಲಿವರ್‌ನ ಎಡಭಾಗ ಹೊಟ್ಟೆಚೀಲದ ಮೇಲೆಯೇ ಕೂತಿರುತ್ತದೆ. ಸರ್ಜನ್ ಸಣ್ಣ ತೂತುಗಳಿಂದ ಕೆಲಸ ಮಾಡುವಾಗ ಮೊದಲು ಅದನ್ನು ಎತ್ತಿ ಹಿಡಿಯಬೇಕು. ಆಪರೇಷನ್‌ಗೆ ಮುಂಚೆ ಎರಡು ವಾರ ಕಡಿಮೆ ಕ್ಯಾಲೊರಿ ಪಥ್ಯ ಕೊಡುವುದು ಈ ಲಿವರ್ ಕುಗ್ಗಲಿ ಅಂತ. ಆ ಹೊತ್ತಿನಲ್ಲಿ ದಿನಕ್ಕೆ 80 ಗ್ರಾಂ ಸಕ್ಕರೆ ಒಳಗೆ ಹೋಗುತ್ತಿದ್ದರೆ ಪಥ್ಯ ಮಾಡಿಯೂ ಉಪಯೋಗವಿಲ್ಲ.

ಇನ್ನು ಸಕ್ಕರೆ ಇಲ್ಲದ ಕೋಲಾ. ಲಿವರ್ ಮಟ್ಟಿಗೆ ಅದು ವಾಸಿ, ಒಪ್ಪುತ್ತೇನೆ. ಆದರೆ ಗ್ಯಾಸ್ ಅದರಲ್ಲೂ ಅಷ್ಟೇ, ಹುಳಿ ಆಸಿಡ್ ಕೂಡ ಅಷ್ಟೇ. ಸ್ಲೀವ್‌ನಲ್ಲಿ ಹೊಟ್ಟೆಚೀಲದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಕಾಯಿ ಆಕಾರದ ಸಣ್ಣ ಕೊಳವೆ. ಅದರೊಳಗೆ ಗ್ಯಾಸ್ ಹಿಗ್ಗಿದರೆ ಹೋಗಲು ಜಾಗವಿಲ್ಲ. ನೋವು, ಉಬ್ಬರ, ಎದೆಯುರಿ ಬರುತ್ತದೆ. ಸ್ಲೀವ್ ಆದವರಿಗೆ ಎದೆಯುರಿ ಮೊದಲೇ ಜಾಸ್ತಿ.

ಈಗಲೇ ಶುರು ಮಾಡಿ ಅನ್ನುವುದಕ್ಕೆ ನನ್ನದೇ ಇನ್ನೊಂದು ಕಾರಣ ಇದೆ. ಆಪರೇಷನ್ ಆದ ವಾರದಲ್ಲಿ ನೋವು ಇರುತ್ತದೆ, ಸುಸ್ತು ಇರುತ್ತದೆ, ಬಾಯಿ ರುಚಿಯೂ ಬದಲಾಗಿರುತ್ತದೆ. ಅದೇ ವಾರ ಕೋಲಾ ಬಿಟ್ಟ ತಲೆನೋವೂ ಸೇರಿಕೊಳ್ಳುವುದು ಬೇಡ. ಕೋಲಾದಲ್ಲಿ ಕೆಫೀನ್ ಇದೆ. ಒಮ್ಮೆಲೇ ನಿಲ್ಲಿಸಿದರೆ ಕೆಲವರಿಗೆ ಮಾರನೇ ದಿನದಿಂದ ತಲೆನೋವು, ಸಿಡುಕು ಶುರುವಾಗಿ ಒಂದು ವಾರದವರೆಗೂ ಇರಬಹುದು. ಮೊದಲ ಮೂರು ನಾಲ್ಕು ದಿನ ಅರ್ಧ ಬಾಟಲಿ, ಆಮೇಲೆ ಒಂದು ಸಣ್ಣ ಲೋಟ, ಆಮೇಲೆ ಪೂರ್ತಿ ಬಂದ್. ಎರಡು ವಾರದ ಪಥ್ಯ ಶುರುವಾಗುವ ದಿನ ನಿಮ್ಮ ಅಂಗಡಿಯಲ್ಲಿ ಒಂದು ಬಾಟಲಿಯೂ ಇರಬಾರದು.

ಒಂದು ಎಚ್ಚರಿಕೆ. ನೀವು ಯಾವ ಶುಗರ್ ಮಾತ್ರೆ ಅಂತ ಬರೆದಿಲ್ಲ. ಗ್ಲಿಮೆಪಿರೈಡ್ ತರಹದ್ದಿದ್ದರೆ, ಅಥವಾ ಇನ್ಸುಲಿನ್ ಇದ್ದರೆ, ಇಷ್ಟು ಸಕ್ಕರೆ ಕಡಿಮೆ ಮಾಡಿದಾಗ ಶುಗರ್ ತೀರಾ ಇಳಿದುಬಿಡಬಹುದು. ಮೊದಲು ನಿಮ್ಮ ಡಾಕ್ಟರ್‌ಗೆ ತಿಳಿಸಿ, ಅವರು ಡೋಸ್ ನೋಡಿ ಬದಲಾಯಿಸುತ್ತಾರೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರ್ತೀನಿ: ಅದರ ಬದಲು ಏನು? ಸೋಡಾದಲ್ಲಿ ನಿಮಗೆ ಇಷ್ಟ ಆಗೋದು ಯಾವುದು ಅಂತ ಗಮನಿಸಿ. ತಂಪಾ, ಸಿಹಿನಾ, ಹುಳಿನಾ, ನಾಲಿಗೆಗೆ ಚುರುಕ್ ಅನ್ನೋದಾ? ಮಧ್ಯಾಹ್ನ ನಿಮಗೆ ಬೇಕಿರುವುದು ತಂಪು ಅಂತ ಕಾಣುತ್ತದೆ. ಅದಕ್ಕೆ ಮಡಕೆ ನೀರಿಗೆ ಲಾವಂಚದ ಬೇರು ಹಾಕಿಡಿ. ಅದರ ಘಮಕ್ಕೇ ಸಿಹಿ ಬೇಡ ಅನಿಸುತ್ತದೆ. ಅಥವಾ ನೀರು ಮಜ್ಜಿಗೆ: ಒಂದು ಪಾಲು ಮೊಸರಿಗೆ ನಾಲ್ಕು ಪಾಲು ನೀರು, ಕಡೆದು ಬೆಣ್ಣೆ ತೆಗೆದು, ಇಂಗು, ಹುರಿದ ಜೀರಿಗೆ ಪುಡಿ, ಚಿಟಿಕೆ ಉಪ್ಪು. ಬಿಪಿ ಇದ್ದರೆ ಉಪ್ಪು ಬೇಡ.

ರಾತ್ರಿ ಊಟದ ನಂತರ ನಿಮಗೆ ಬೇಕಿರುವುದು ಆ ಚುರುಕು. ಸೋಡಾದ ಗ್ಯಾಸ್ ಬಾಯಲ್ಲಿ ಆಸಿಡ್ ಆಗುವುದರಿಂದಲೇ ಅದು ಚುಚ್ಚಿದ ಹಾಗಾಗುವುದು. ಶುಂಠಿ ಮತ್ತು ಹುಳಿ ಸೇರಿದರೆ ಅದರ ಹತ್ತಿರಕ್ಕೆ ಬರುತ್ತದೆ. ಶುಂಠಿ ಜಜ್ಜಿ ನೀರಿನಲ್ಲಿ ಕುದಿಸಿ, ಸೋಸಿ, ಆರಿದ ಮೇಲೆ ಅರ್ಧ ನಿಂಬೆಹಣ್ಣು, ಸ್ವಲ್ಪ ಕಾಳುಮೆಣಸಿನ ಪುಡಿ. ಸಕ್ಕರೆ, ಬೆಲ್ಲ, ಜೇನು ಯಾವುದೂ ಬೇಡ. ಮೊದಲ ವಾರ ಸಪ್ಪೆ ಅನಿಸುತ್ತದೆ. ನಾಲಿಗೆ ಒಗ್ಗಿಕೊಳ್ಳುತ್ತದೆ, ಇದನ್ನು ನಾನು ತುಂಬಾ ಜನರಲ್ಲಿ ನೋಡಿದ್ದೇನೆ.

ಕುಡಿಯುವ ರೀತಿಯನ್ನೂ ಈಗಿನಿಂದಲೇ ಅಭ್ಯಾಸ ಮಾಡಿ. ಗಟಗಟ ಬೇಡ, ಗುಟುಕು ಗುಟುಕು. ಊಟದ ಜೊತೆ ನೀರು ಬೇಡ, ಊಟ ಆಗಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ನಿಮ್ಮ ಶುಂಠಿ ನೀರೂ ಅಷ್ಟೇ. ಸ್ಟ್ರಾ ಬೇಡ, ಗಾಳಿ ಒಳಗೆ ಹೋಗುತ್ತದೆ.

ಅದೇ ಸದಸ್ಯರಿಂದ:
ತುಂಬಾ ಥ್ಯಾಂಕ್ಸ್ ಮೇಡಂ. ಆಪರೇಷನ್ ಆದ ತಕ್ಷಣವೂ ಇದನ್ನೇ ಕುಡಿಯಬಹುದಾ?

ಉತ್ತರ:
ಎಲ್ಲವನ್ನೂ ಅಲ್ಲ. ಮೊದಲು ತಿಳಿ ದ್ರವ ಮಾತ್ರ: ನೀರು, ಸೋಸಿದ ಜೀರಿಗೆ ನೀರು, ಖಾರವಿಲ್ಲದ ಬೇಳೆಕಟ್ಟಿನ ತಿಳಿ. ಔಷಧಿ ಅಳೆಯುವ 30 ಎಂ.ಎಲ್. ಕಪ್ ಇಟ್ಟುಕೊಳ್ಳಿ. ಹದಿನೈದು ನಿಮಿಷಕ್ಕೆ ಒಂದು ಕಪ್, ಅದೂ ಒಂದೇ ಗುಟುಕಿಗೆ ಅಲ್ಲ. ಹೀಗೆ ಏರಿಸುತ್ತಾ ದಿನಕ್ಕೆ ಒಂದೂವರೆ ಲೀಟರ್ ಮುಟ್ಟಬೇಕು. ಹಾಲು, ಮಜ್ಜಿಗೆ, ತೆಳ್ಳಗಿನ ರಾಗಿ ಅಂಬಲಿ ಎಲ್ಲ ನಿಮ್ಮ ಆಸ್ಪತ್ರೆಯವರು ಹೇಳಿದ ದಿನದಿಂದ. ನಿಂಬೆ, ಶುಂಠಿ, ಮೆಣಸು ಇನ್ನೂ ತಡವಾಗಿ, ಎದೆಯುರಿ ಇಲ್ಲ ಅಂತ ಖಾತ್ರಿ ಆದ ಮೇಲೆ. ಶುರುವಿನಲ್ಲಿ ತೀರಾ ತಣ್ಣಗಿನದೂ ಕೆಲವರಿಗೆ ಹಿಡಿದುಕೊಳ್ಳುತ್ತದೆ.

ನೀರು ಮಜ್ಜಿಗೆಯನ್ನು ಪ್ರೋಟೀನ್ ಲೆಕ್ಕಕ್ಕೆ ಸೇರಿಸಬೇಡಿ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು, ಅದು ತೆಳು ಮಜ್ಜಿಗೆಯಿಂದ ಬರಲ್ಲ.

ಪ್ರಶ್ನೆ (ಪುತ್ತೂರಿನಿಂದ):
ಮೇಡಂ, ನನಗೆ ತೂಕ ಇಳಿಸೋಕೆ ಹೊಟ್ಟೆಯ ಬೈಪಾಸ್ ಆಪರೇಷನ್ ಆಗಿ ಮೂರು ತಿಂಗಳು. ಮೊನ್ನೆ ಮದುವೆಯಲ್ಲಿ ಜೀರಾ ಸೋಡಾ ಎರಡು ಗುಟುಕು ಕುಡಿದೆ, ಎದೆ ಹಿಡಿದ ಹಾಗಾಯ್ತು. ಸರಿ, ಸೋಡಾ ಬೇಡ ಅಂತ ಮಾರನೇ ದಿನ ಕಬ್ಬಿನ ಹಾಲು ಕುಡಿದೆ. ಕಾಲು ಗಂಟೆಯಲ್ಲಿ ಬೆವರು, ಎದೆ ಡವಡವ, ಹೊಟ್ಟೆ ನುಲಿತ, ಭೇದಿ. ತುಂಬಾ ಹೆದರಿದ್ದೇನೆ. ಕಬ್ಬಿನ ಹಾಲು ನೈಸರ್ಗಿಕ ಅಲ್ವಾ?

ಉತ್ತರ:
ಹೆದರಿಕೆ ಆಗೋದು ಸಹಜ. ಎರಡನೆಯದಕ್ಕೆ ಡಂಪಿಂಗ್ ಅಂತಾರೆ. ಬೈಪಾಸ್‌ನಲ್ಲಿ ಉಳಿಸುವ ಚೀಲ ತುಂಬಾ ಚಿಕ್ಕದು, ಸುಮಾರು 30 ಎಂ.ಎಲ್. ಅದು ನೇರ ಸಣ್ಣ ಕರುಳಿಗೆ ಸೇರಿರುತ್ತದೆ. ಸಿಹಿ ನೀರು ತಡೆಯಿಲ್ಲದೆ ಕರುಳಿಗೆ ಇಳಿದಾಗ ಕರುಳು ಮೈಯ ನೀರನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಅದರಿಂದಲೇ ಬೆವರು, ಡವಡವ. ಕೆಲವರಿಗೆ ಒಂದರಿಂದ ಮೂರು ಗಂಟೆ ಕಳೆದ ಮೇಲೆ ಶುಗರ್ ದಿಢೀರ್ ಇಳಿದು ಕಣ್ಣು ಕತ್ತಲೆ ಬರುವುದೂ ಉಂಟು. ಎದೆ ಹಿಡಿದದ್ದು ಗ್ಯಾಸ್‌ನಿಂದಲೇ ಇರಬಹುದು. ಆದರೂ ನಡೆದದ್ದೆಲ್ಲ ನಿಮ್ಮ ಸರ್ಜನ್ ಕಿವಿಗೆ ಹಾಕಿ. ಸೋಡಾ ಇಲ್ಲದೆಯೂ ಎದೆ ನೋವು ಬಂದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಕಬ್ಬಿನ ಹಾಲಿನಲ್ಲಿ ಕೋಲಾಕ್ಕಿಂತ ಸಕ್ಕರೆ ಕಡಿಮೆ ಏನಿಲ್ಲ. ಬೆಲ್ಲದ ಪಾನಕವೂ ನಿಮ್ಮ ಕರುಳಿಗೆ ಅದೇ. ನೈಸರ್ಗಿಕ ಅನ್ನುವ ಮಾತನ್ನು ನಂಬಿ ಕುಡಿದು ಒದ್ದಾಡುವವರನ್ನು ಕಂಡಾಗ ನನಗೆ ನಿಜವಾಗಲೂ ಬೇಸರವಾಗುತ್ತದೆ.

ನಿಮ್ಮ ಊರಲ್ಲೇ ಒಳ್ಳೆಯದು ಇದೆಯಲ್ಲ, ಪುನರ್ಪುಳಿ (ಕೋಕಂ)! ಒಣಗಿದ ಸಿಪ್ಪೆಯನ್ನು ನೀರಿನಲ್ಲಿ ನೆನೆಸಿ, ಸೋಸಿ, ಚೆನ್ನಾಗಿ ತೆಳ್ಳಗೆ ಮಾಡಿ, ಜೀರಿಗೆ ಪುಡಿ ಮತ್ತು ಚಿಟಿಕೆ ಉಪ್ಪು ಹಾಕಿ. ಬಣ್ಣವೂ ಚೆಂದ, ಮದುವೆ ಮನೆಯಲ್ಲಿ ಕೈಯಲ್ಲಿ ಹಿಡಿದರೆ ಯಾರೂ ಏನೂ ಕೇಳಲ್ಲ. ಅಂಗಡಿಯ ಪುನರ್ಪುಳಿ ಸಿರಪ್ ಮಾತ್ರ ಬೇಡ, ಅದರಲ್ಲಿ ಸಕ್ಕರೆಯೇ ಹೆಚ್ಚು. ಎಳನೀರು ಆಗಬಹುದು, ಆದರೆ ಅದರಲ್ಲೂ ಸಕ್ಕರೆ ಇದೆ, ಅರ್ಧ ಲೋಟವನ್ನು ನಿಧಾನವಾಗಿ. ಕಿಡ್ನಿ ತೊಂದರೆ ಇದ್ದರೆ ಅಥವಾ ಬಿಪಿಗೆ ಟೆಲ್ಮಿಸಾರ್ಟನ್ ತರಹದ ಮಾತ್ರೆ ಇದ್ದರೆ ಡಾಕ್ಟರ್‌ನ ಕೇಳಿಯೇ ಕುಡಿಯಿರಿ, ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ.

ಪ್ರಶ್ನೆ (ಹುಬ್ಬಳ್ಳಿಯಿಂದ):
ಅಪ್ಪಾಜಿಗೆ ಸ್ಲೀವ್ ಆಗಿ ಆರು ವಾರ. ಹೊಟ್ಟೆ ಉಬ್ಬರ ಅಂತ ಈನೋ ಕೇಳ್ತಾರೆ. ಕೊಡ್ಲಾ?

ಉತ್ತರ:
ಕೊಡಬೇಡಿ. ನೀರಿಗೆ ಹಾಕಿದಾಗ ನೊರೆ ಏಳುವುದು ಅದೇ ಸೋಡಾ ಗ್ಯಾಸ್. ನೀರಲ್ಲಿ ಹಾಕಿ ಕರಗಿಸುವ ಬುರುಗು ವಿಟಮಿನ್ ಮಾತ್ರೆಗಳೂ ಹಾಗೇ, ಜಗಿಯುವ ಮಾತ್ರೆ ಬರೆದುಕೊಡಿ ಅಂತ ಕೇಳಿ. ಉಬ್ಬರಕ್ಕೆ ಬೆಚ್ಚಗಿನ ಓಮದ ನೀರು ಕೊಡಿ, ಮನೆಯೊಳಗೇ ನಾಲ್ಕು ಹೆಜ್ಜೆ ನಡೆಸಿ. ಉಬ್ಬರ ದಿನಾ ಇದ್ದರೆ ಸರ್ಜನ್‌ಗೆ ತೋರಿಸಿ.

ಪ್ರಶ್ನೆ (ದುಬೈನಿಂದ):
ಸ್ಲೀವ್ ಆಗಿ ಎರಡು ವರ್ಷ. ಬರೀ ಸೋಡಾ ನೀರು, ಸಕ್ಕರೆ ಏನೂ ಇಲ್ಲ. ಹೊಟ್ಟೆಚೀಲ ಹಿಗ್ಗಿಬಿಡುತ್ತೆ ಅಂತಾರೆ, ನಿಜನಾ?

ಉತ್ತರ:
ಸೋಡಾ ಗ್ಯಾಸ್‌ನಿಂದಲೇ ಚೀಲ ಶಾಶ್ವತವಾಗಿ ಹಿಗ್ಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಆ ಹೆದರಿಕೆ ಹಾಕಿ ನಿಮ್ಮನ್ನು ತಡೆಯುವುದು ನನಗೆ ಇಷ್ಟವಿಲ್ಲ. ಆದರೂ ಬೇಡ ಅನ್ನುತ್ತೇನೆ. ಎದೆಯುರಿ ಒಂದು ಕಾರಣ. ಇನ್ನೊಂದು, ಸಾದಾ ಸೋಡಾ ಕುಡಿಯುವ ಅಭ್ಯಾಸ ನಿಧಾನವಾಗಿ ಸಿಹಿ ಸೋಡಾಕ್ಕೆ ಹೋಗಬಹುದು, ಕಳೆದ ತೂಕ ಮತ್ತೆ ಏರುವುದಕ್ಕೆ ಅದು ಸುಲಭದ ದಾರಿ. ಬಿಯರ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಗ್ಯಾಸ್ ಒಂದು ಕಡೆ, ಈ ಆಪರೇಷನ್ ಆದವರಿಗೆ ಮದ್ಯ ಬೇಗ ಏರುತ್ತದೆ, ಜಾಸ್ತಿಯೂ ಏರುತ್ತದೆ.

ಪ್ರಶ್ನೆ (ಮೈಸೂರಿನಿಂದ):
ಅಮ್ಮನಿಗೆ ಬೈಪಾಸ್ ಆಗಿ ಮೂರು ವಾರ. ನಿನ್ನೆಯಿಂದ ನೀರು ಸೇರುತ್ತಿಲ್ಲ, ನಾಲ್ಕು ಸಲ ವಾಂತಿ ಆಯಿತು. ಅಂಗಡಿಯಿಂದ ಓಆರ್‌ಎಸ್ ಪ್ಯಾಕ್ ತಂದು ಕೊಡಲಾ?

ಉತ್ತರ:
ಇದನ್ನು ಓದಿದ ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ, ಇವತ್ತೇ ಕರೆದುಕೊಂಡು ಹೋಗಿ. ಮೂರನೇ ವಾರದಲ್ಲಿ ನೀರೂ ನಿಲ್ಲದಿದ್ದರೆ ಮನೆ ಮದ್ದು ಸಾಕಾಗಲ್ಲ. ಮೈಯಲ್ಲಿ ನೀರು ಬತ್ತುತ್ತದೆ. ವಾಂತಿ ಮುಂದುವರಿದರೆ ಬಿ1 ವಿಟಮಿನ್ ಕಡಿಮೆಯಾಗಿ ನರಗಳಿಗೆ ಪೆಟ್ಟಾಗಬಹುದು. ಡ್ರಿಪ್ ಜೊತೆ ಬಿ1 ಕೊಡಬೇಕಾ ಅಂತ ಅಲ್ಲಿ ಕೇಳಿ.

ಪ್ಯಾಕ್ ವಿಷಯ: ಡಬ್ಬಿಯಲ್ಲಿ ಬರುವ ಸಿಹಿ ಪಾನೀಯ ಬೇಡ. ಓಆರ್‌ಎಸ್ ಅನ್ನುವ ಹೆಸರನ್ನು ಇಂಥ ಪಾನೀಯಗಳಿಗೆ ಹಾಕಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತೆ ನೋಡುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ಆದೇಶ ಮಾಡಿದೆ. ಮೆಡಿಕಲ್ ಶಾಪ್‌ನಲ್ಲಿ ಡಬ್ಲ್ಯುಎಚ್‌ಒ ಸೂತ್ರದ ಪುಡಿ ಸಿಗುತ್ತದೆ. ಒಂದು ಲೀಟರ್ ನೀರಿಗೆ ಅದರಲ್ಲಿ 13.5 ಗ್ರಾಂ ಗ್ಲೂಕೋಸ್ ಮಾತ್ರ ಇರುತ್ತದೆ. ಆಸ್ಪತ್ರೆ ತಲುಪುವ ತನಕ ಚಮಚದಲ್ಲಿ ಅಷ್ಟಿಷ್ಟು ಕೊಡುತ್ತಿರಿ. ಮೂತ್ರ ಯಾವಾಗ ಆಯಿತು, ಬಣ್ಣ ಹೇಗಿತ್ತು ಅಂತ ಬರೆದಿಟ್ಟುಕೊಂಡು ಹೋಗಿ. ಡಾಕ್ಟರ್ ನೋಡಿದ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.