ಸಕ್ಕರೆ ಕಾರ್ಖಾನೆಯನ್ನು, ಸರ್ಕಾರವನ್ನು ನಮ್ಮಂಥವರು ಕೇಳಿದರೆ ಉತ್ತರ ಸಿಗುತ್ತದಾ?

ಘಟಪ್ರಭಾ ದಂಡೆಯವ, ಮುಧೋಳ ತಾಲೂಕು

ಎಲ್ಲರಿಗೂ ನಮಸ್ಕಾರ. ಸುಮ್ನೆ ಬೇಸರ ತೋಡಿಕೊಳ್ಳಲು ಬರೆಯುತ್ತಿಲ್ಲ, ನಿಜವಾಗಿಯೂ ದಾರಿ ಕೇಳುತ್ತಿದ್ದೇನೆ. ನಮ್ಮೂರ ಪಕ್ಕ ಒಂದು ಸಕ್ಕರೆ ಕಾರ್ಖಾನೆ ಇದೆ. ಊರ ಹೆಸರು, ಕಾರ್ಖಾನೆ ಹೆಸರು ಎರಡೂ ಬೇಡ. ಕಬ್ಬು ಅರೆಯುವ ಹಂಗಾಮು ಶುರುವಾಯಿತು ಅಂದರೆ ಕಪ್ಪು ಬೂದಿ ಹಾರಿ ಬರುತ್ತದೆ. ಒಣಹಾಕಿದ ಬಟ್ಟೆ, ಮಾಳಿಗೆ ಮೇಲಿನ ಮೆಣಸಿನಕಾಯಿ, ನೀರಿನ ಟಾಕಿ, ಎಲ್ಲದರ ಮೇಲೂ ಅದೇ. ಹಂಗಾಮು ಮುಗಿಯುವ ತನಕ ಅವ್ವನಿಗೆ ಕೆಮ್ಮು ಬಿಡುವುದಿಲ್ಲ.

ಇದರ ಜೊತೆಗೆ ಕಾಟಾದ (ಗಾಡಿ ಸಮೇತ ತೂಗುವ ತೂಕದ ಸೇತುವೆಯ) ತಕರಾರು. ಹೊರಗೆ ತೂಗಿಸಿದ ಕಬ್ಬಿನ ಟ್ರ್ಯಾಕ್ಟರ್ ಕಾರ್ಖಾನೆ ಒಳಗೆ ಹೋದರೆ ತೂಕ ಇಳಿದಿರುತ್ತದೆ, ಯಾಕೆ ಅಂತ ಕೇಳಿದರೆ ಗೇಟಿನವರು ನಮ್ಮನ್ನೇ ಗದರಿಸುತ್ತಾರೆ. ಕಬ್ಬಿನ ಬಿಲ್ಲು ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ, ಸೊಸೈಟಿ ಸಾಲದ ಬಡ್ಡಿ ಮಾತ್ರ ದಿನಾ ಬೆಳೆಯುತ್ತದೆ.

ಕಾರ್ಖಾನೆಯವರು "ಸರ್ಕಾರವನ್ನು ಕೇಳಿ" ಅಂತಾರೆ. ತಾಲೂಕು ಕಚೇರಿಗೆ ಹೋದರೆ "ಅದು ಖಾಸಗಿ ಕಾರ್ಖಾನೆ, ನಮ್ಮ ಕೈಯಲ್ಲಿ ಏನಿದೆ" ಅಂತಾರೆ. ನಮ್ಮ ಭಾಗದಲ್ಲಿ ಎಷ್ಟೋ ಕಾರ್ಖಾನೆಗಳು ರಾಜಕಾರಣಿಗಳದೇ ಅನ್ನುವುದು ಎಲ್ಲರಿಗೂ ಗೊತ್ತು. ಹೀಗಿರುವಾಗ ಐದು ವರ್ಷಕ್ಕೊಮ್ಮೆ ವೋಟು ಹಾಕುವುದು ಬಿಟ್ಟರೆ ನಮ್ಮಂಥವರ ಕೈಯಲ್ಲಿ ಏನಾದರೂ ಇದೆಯಾ? ಇದ್ದರೆ ಅದು ನಡೆಯುತ್ತದಾ, ಇಲ್ಲಾ ಕಾನೂನು ಪುಸ್ತಕದಲ್ಲಿ ಮಾತ್ರ ಇದೆಯಾ? ಗೊತ್ತಿದ್ದವರು ಹೇಳಿ.

ಟಿಳಕವಾಡಿ ವಕೀಲ, ಬೆಳಗಾವಿ

ತಮ್ಮಾ, ಇದೆ. "ಖಾಸಗಿ ಕಾರ್ಖಾನೆ" ಅನ್ನುವ ಮಾತು ಕೇಳಿ ವಾಪಸ್ ಬರಬೇಡ. ಆ ಕಾರ್ಖಾನೆ ಬಾಯ್ಲರ್ ಹೊತ್ತಿಸಬೇಕಾದರೆ ಎಷ್ಟೋ ಸರ್ಕಾರಿ ಕಚೇರಿಗಳ ಸಹಿ ಬೇಕು. ಹೊಗೆ, ಬೂದಿ, ಕೊಳಚೆ ನೀರಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರ ಬೇಕು, 1974ರ ಜಲ ಕಾಯ್ದೆ ಮತ್ತು 1981ರ ವಾಯು ಕಾಯ್ದೆ ಪ್ರಕಾರ. ಕಾಟಾಕ್ಕೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೇಕು, ಅದೂ ಪ್ರತಿ ವರ್ಷ. ಬಿಲ್ಲಿನ ಲೆಕ್ಕ ಕಬ್ಬು ಅಭಿವೃದ್ಧಿ ಆಯುಕ್ತರ ಕೆಳಗೆ ಬರುತ್ತದೆ. ಕಾರ್ಖಾನೆ ಮಾಲೀಕ ನಿನಗೆ ಉತ್ತರ ಕೊಡದೇ ಇರಬಹುದು. ಅವನ ಮೇಲೆ ಕಣ್ಣಿಡಲು ಸಂಬಳ ತೆಗೆದುಕೊಳ್ಳುವ ಅಧಿಕಾರಿ ಕೊಡಲೇಬೇಕು.

ಮಾಹಿತಿ ಹಕ್ಕು ಕಾಯ್ದೆಯ ಕಲಂ 2(ಎಫ್) ಒಮ್ಮೆ ಓದು. ಖಾಸಗಿ ಸಂಸ್ಥೆಯ ಯಾವ ಮಾಹಿತಿಯನ್ನು ಸರ್ಕಾರಿ ಕಚೇರಿ ಬೇರೆ ಕಾನೂನಿನ ಬಲದಿಂದ ತರಿಸಿಕೊಳ್ಳಬಹುದೋ, ಅದನ್ನು ಆ ಕಚೇರಿಯಿಂದ ನೀನೂ ಕೇಳಬಹುದು. ಬಹಳ ಜನಕ್ಕೆ ಇದು ಗೊತ್ತಿಲ್ಲ, ಎಷ್ಟೋ ಗುಮಾಸ್ತರಿಗೂ ಗೊತ್ತಿಲ್ಲ.

ಹೇಗೆ ಕೇಳುತ್ತೀ ಅನ್ನುವುದು ಮುಖ್ಯ. "ಬೂದಿ ಯಾಕೆ ಬೀಳುತ್ತದೆ" ಅಂತ ಬರೆದರೆ ಅದು ದೂರು, ಅರ್ಜಿ ಮೂಲೆ ಸೇರುತ್ತದೆ. ದಾಖಲೆ ಕೇಳು. ಒಪ್ಪಿಗೆ ಪತ್ರದ ನಕಲು ಕೇಳು, ಅದರಲ್ಲಿ ಚಿಮಣಿಯಿಂದ ಎಷ್ಟು ಬೂದಿ ಹೊರಗೆ ಹೋಗಬಹುದು ಅಂತ ಮಿತಿ ಬರೆದಿರುತ್ತದೆ. ಅಧಿಕಾರಿಗಳು ಬಂದು ನೋಡಿ ಹೋದ ಪರಿಶೀಲನಾ ವರದಿ ಕೇಳು. ಸಕ್ಕರೆ ಮತ್ತು ಡಿಸ್ಟಿಲರಿ ಎರಡೂ ಕೇಂದ್ರ ಮಾಲಿನ್ಯ ಮಂಡಳಿ ಗುರುತಿಸಿದ ಹೆಚ್ಚು ಮಾಲಿನ್ಯದ 17 ಬಗೆಯ ಉದ್ಯಮಗಳಲ್ಲಿವೆ, ಅಂಥವು ಹಗಲೂ ರಾತ್ರಿ ಅಳೆಯುವ ಆನ್‌ಲೈನ್ ಮೀಟರ್ ಹಾಕಬೇಕು ಅಂತ 2014ರಲ್ಲೇ ಸೂಚನೆ ಹೋಗಿದೆ. ಬೂದಿ ಜಾಸ್ತಿ ಬಿದ್ದ ದಿನಗಳ ತಾರೀಖು ಬರೆದಿಟ್ಟುಕೋ, ಅದೇ ದಿನಗಳ ಮೀಟರ್ ಅಂಕಿ ಕೇಳು. ಮೀಟರ್ ಬಂದ್ ಇತ್ತು ಅಂತ ಉತ್ತರ ಬಂದರೂ ಅದು ನಿನಗೆ ಸಾಕ್ಷಿಯೇ.

ಅರ್ಜಿಗೆ 10 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಹಾಗಾಗಿ ಬೂದಿಗೆ ಬೇರೆ, ಕಾಟಾಕ್ಕೆ ಬೇರೆ ಹಾಕು. ಯಾಕೆ ಬೇಕು ಅಂತ ಅವರು ಕೇಳುವ ಹಾಗಿಲ್ಲ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಆಯೋಗದ ಪೀಠ ಬೆಳಗಾವಿಯಲ್ಲೂ ಇದೆ. ತಪ್ಪಿತಸ್ಥ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಬಹುದು. ಆಯೋಗದ ತನಕ ಹೋದರೆ ತಡವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಎಷ್ಟೋ ಸಲ ಮೊದಲ ಮೇಲ್ಮನವಿ ಮುಟ್ಟಿದ ಕೂಡಲೇ ಕಾಗದ ಹೊರಗೆ ಬರುತ್ತದೆ.

ಇನ್ನು ಬಿಲ್ಲು. 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ ಸ್ಪಷ್ಟವಾಗಿದೆ, ಕಬ್ಬು ಮುಟ್ಟಿದ 14 ದಿನದೊಳಗೆ ರೊಕ್ಕ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15ರಂತೆ ಬಡ್ಡಿ. ಬಾಕಿಯನ್ನು ಭೂಕಂದಾಯ ಬಾಕಿಯ ಹಾಗೆ ವಸೂಲಿ ಮಾಡಬಹುದು, ಅಂದರೆ ಗೋದಾಮಿನ ಸಕ್ಕರೆಯನ್ನೇ ಜಪ್ತಿ ಮಾಡಲು ಬರುತ್ತದೆ. ರೈತರು ಅಸಲು ಬಂದರೆ ಸಾಕು ಅಂತ ಬಡ್ಡಿ ಕೇಳುವುದೇ ಇಲ್ಲ. ಕೇಳಬೇಕು. ಅದು ನಿಮ್ಮ ರೊಕ್ಕ.

ಗೋಕಾಕ ಕಡೆಯ ರೈತ

ವಕೀಲ ಸರ್ ಹೇಳಿದ ಕಾನೂನಿನಲ್ಲಿ ತಪ್ಪಿಲ್ಲ. ಆದರೆ ಒಬ್ಬನೇ ಕಾಗದ ಹಿಡಿದು ನಿಂತರೆ ಕಾರ್ಖಾನೆಗೆ ಏನೂ ಆಗುವುದಿಲ್ಲ, ಇದು ನನ್ನ ಖಚಿತ ಅಭಿಪ್ರಾಯ. 14 ದಿನದ ನಿಯಮ 1966ರಿಂದ ಇದೆ ಅಂತ ಅವರೇ ಬರೆದಿದ್ದಾರೆ. ನಮ್ಮ ಅಪ್ಪನ ಕಾಲದಿಂದ ಯಾರು ಪಾಲಿಸಿದ್ದಾರೆ?

2025ರ ನವೆಂಬರ್ ಮೊದಲ ವಾರ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ನಾನಿದ್ದೆ. ಟನ್ನಿಗೆ 3,500 ಕೊಡಿ ಅಂತ ರಸ್ತೆ ಮೇಲೆ ಕೂತಿದ್ದೆವು. ಮೊದಲು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ದಿನ ಕಳೆದಂತೆ ಜನ ಸೇರಿದರು, ಹಳ್ಳಿಗಳಿಂದ ರೊಟ್ಟಿ ಪಲ್ಯ ಬಂತು, ವಕೀಲರು ಬಂದರು, ಕಾಲೇಜು ಹುಡುಗರು ಬಂದರು, ಪೇಟೆಗಳು ಬಂದ್ ಆದವು. ಆಗ ಮುಖ್ಯಮಂತ್ರಿ ಕಾರ್ಖಾನೆ ಮಾಲೀಕರನ್ನು ಬೆಂಗಳೂರಿಗೆ ಕರೆಸಿದರು. ಕಟಾವು, ಸಾಗಣೆ ಖರ್ಚು ಬಿಟ್ಟು 3,300 ಅಂತ ಘೋಷಣೆ ಆಯಿತು, ಅದರಲ್ಲಿ 50 ರೂಪಾಯಿ ಸರ್ಕಾರದ್ದು, ಉಳಿದದ್ದು ಕಾರ್ಖಾನೆಯದು. ಕೇಳಿದ್ದಕ್ಕಿಂತ ಕಡಿಮೆ, ನಿಜ. ಆದರೆ ಕುಳಿತದ್ದಕ್ಕೇ ಬಂದದ್ದು ಅದು.

ಅದೇ ತಿಂಗಳು ನಿಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳಿಗೆ ಬೆಂಕಿ ಬಿತ್ತು. ಸುಟ್ಟದ್ದು ನಮ್ಮಂಥ ರೈತರ ಬೆಳೆ. ಅದನ್ನು ನೆನೆಸಿದರೆ ಈಗಲೂ ಸಂಕಟ ಆಗುತ್ತದೆ. ಹಾಗೆ ಆಗದಂತೆ ನೋಡಿಕೊಳ್ಳುವ ಹಿರಿಯರು ಹೋರಾಟದಲ್ಲಿ ಇರಬೇಕು.

ಒಂದು ಮಾತು ಮಾತ್ರ ವಕೀಲರ ಪರವಾಗಿ ಹೇಳುತ್ತೇನೆ. 3,300 ಘೋಷಣೆ ಆದದ್ದು ಶೇ. 11.25 ರಿಕವರಿಗೆ, ಅಂದರೆ ನೂರು ಕಿಲೋ ಕಬ್ಬಿಗೆ 11.25 ಕಿಲೋ ಸಕ್ಕರೆ ಬಂದರೆ. ನಿನ್ನ ಕಾರ್ಖಾನೆ ರಿಕವರಿ ಎಷ್ಟು ಅಂತ ತೋರಿಸಿದೆ, ಕಟಾವು ಸಾಗಣೆ ಅಂತ ಎಷ್ಟು ಮುರಿದುಕೊಂಡಿದೆ, ಇದನ್ನು ರಸ್ತೆಯಲ್ಲಿ ಕೂತು ತಿಳಿಯಲು ಆಗುವುದಿಲ್ಲ. ಕೇಂದ್ರ ಸರ್ಕಾರದ ದರ 2025-26ಕ್ಕೆ ಶೇ. 10.25 ರಿಕವರಿಗೆ ಟನ್ನಿಗೆ 3,550 ಅಂತ ಇದೆ, ಆದರೆ ಅದು ಗೇಟಿನ ದರ, ಕಟಾವು ಸಾಗಣೆ ಅದರಲ್ಲೇ ಮುರಿಯುತ್ತಾರೆ. ಹೊಲ ಎರಡು ಕಿಲೋಮೀಟರ್ ದೂರ ಇದ್ದವನಿಗೂ ಐವತ್ತು ಕಿಲೋಮೀಟರ್ ದೂರ ಇದ್ದವನಿಗೂ ಒಂದೇ ಸರಾಸರಿ ಮುರಿದರೆ ಯಾರಿಗೆ ನಷ್ಟ ಅಂತ ನೀನೇ ಲೆಕ್ಕ ಹಾಕು.

ಸವದತ್ತಿ ಕಾಕಾ

ಹುಡುಗರು 1980 ಮರೆಯಬಾರದು. ಮಲಪ್ರಭಾ ಡ್ಯಾಮ್ ನಮ್ಮ ಸವದತ್ತಿ ತಾಲೂಕಿನಲ್ಲಿ. ಕಾಲುವೆ ನೀರು ಸರಿಯಾಗಿ ಬರದಿದ್ದರೂ ಜಮೀನು ಸುಧಾರಿಸಿತು ಅಂತ ಕರ ಹಾಕಿದರು. ನರಗುಂದ, ನವಲಗುಂದದ ರೈತರು ಎದ್ದರು. ಜುಲೈ 21ಕ್ಕೆ ಗೋಲಿಬಾರ್ ಆಯಿತು, ಜೀವ ಹೋದವು. ಆ ಕಿಚ್ಚಿನಿಂದಲೇ ರೈತ ಸಂಘ ಕಟ್ಟಿತು, 1983ರ ಚುನಾವಣೆಯಲ್ಲಿ ಆ ಸರ್ಕಾರವೂ ಹೋಯಿತು. ಸಾಮಾನ್ಯರು ಸರ್ಕಾರವನ್ನು ಕೇಳಬಹುದಾ ಅಂತ ನಮ್ಮ ಭಾಗದವರೇ ಕೇಳಿದರೆ ನನಗೆ ನೋವಾಗುತ್ತದೆ. ಕೇಳಿದ್ದಾರೆ. ಬೆಲೆ ಮಾತ್ರ ಬಹಳ ದೊಡ್ಡದು ತೆತ್ತಿದ್ದಾರೆ.

ಸಿಂದಗಿಯಿಂದ

ಅಣ್ಣಾ, ನಿಮ್ಮದು ದೊಡ್ಡ ಕಾರ್ಖಾನೆ ವಿಷಯ, ನನ್ನದು ನಮ್ಮ ಓಣಿ ವಿಷಯ. ಆದರೂ ಹೇಳುತ್ತೇನೆ, ಉಪಯೋಗ ಆಗಬಹುದು.

ನಮ್ಮ ಓಣಿಗೆ ಸಿಸಿ ರಸ್ತೆ ಮಾಡಿದರು. ಒಂದು ಮಳೆಗಾಲಕ್ಕೆ ಕಿತ್ತುಬಂತು. ನಮ್ಮ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸೇರಿ ಕಾಮಗಾರಿಯ ಅಂದಾಜು ಪಟ್ಟಿ ಮತ್ತು ಎಂಬಿ ಪುಸ್ತಕದ ನಕಲು ಕೇಳಿದೆವು. ಎಂಬಿಯಲ್ಲಿ ಎಂಜಿನಿಯರ್ ಎಷ್ಟು ಉದ್ದ, ಎಷ್ಟು ದಪ್ಪ ಕಾಂಕ್ರೀಟ್ ಬಿತ್ತು ಅಂತ ಅಳತೆ ಬರೆದು ಸಹಿ ಮಾಡಿರುತ್ತಾರೆ, ಅದರ ಮೇಲೆಯೇ ಬಿಲ್ಲು ಆಗುತ್ತದೆ. ನಕಲು ಕೈಗೆ ಬಂದ ಮೇಲೆ ಟೇಪು ಹಿಡಿದು ನಾವೇ ಅಳೆದೆವು. ಬರೆದಷ್ಟು ದಪ್ಪ ಇರಲಿಲ್ಲ. ಮಾಹಿತಿ ಹಕ್ಕಿನಲ್ಲಿ ಕಾಮಗಾರಿ ನೋಡಲು, ಮಾದರಿ ತೆಗೆದುಕೊಳ್ಳಲು ಕೂಡ ಅವಕಾಶ ಇದೆ ಅಂತ ಆಗಲೇ ನಮಗೆ ತಿಳಿದದ್ದು.

ಆ ಕಾಗದ ಹಿಡಿದು ಗ್ರಾಮಸಭೆಗೆ ಹೋದೆವು. ಅಲ್ಲಿ ಎಲ್ಲರ ಎದುರು ಎಂಬಿಯ ಸಾಲು ಓದಿದೆವು. ಸಭೆಯ ನಡಾವಳಿ ಪುಸ್ತಕದಲ್ಲಿ ನಮ್ಮ ಪ್ರಶ್ನೆ ಬರೆಯುವ ತನಕ ಯಾರೂ ಏಳಲಿಲ್ಲ. "ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ" ಅಂದವರೂ ಇದ್ದರು. ಕೊನೆಗೆ ಹಾಳಾದ ಭಾಗಕ್ಕೆ ಮತ್ತೆ ಕಾಂಕ್ರೀಟ್ ಹಾಕಿದರು. ಪಕ್ಕದ ಗಟಾರು ಇನ್ನೂ ಆಗಿಲ್ಲ, ಅದರ ಬೆನ್ನು ಬಿಟ್ಟಿಲ್ಲ.

ನಡಾವಳಿಯಲ್ಲಿ ಬರೆಸುವುದನ್ನು ಬಿಡಬೇಡಿ ಅಣ್ಣಾ. ನಿಮ್ಮ ಬೂದಿ ವಿಷಯವನ್ನೂ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಆಮೇಲೆ ಅದು ಒಬ್ಬರ ದೂರಾಗಿ ಉಳಿಯುವುದಿಲ್ಲ, ಊರಿನ ದೂರು ಆಗುತ್ತದೆ. ಅವ್ವನ ಕೆಮ್ಮಿಗೆ ಆರೋಗ್ಯ ಕೇಂದ್ರದಲ್ಲಿ ತೋರಿಸಿದ ಚೀಟಿ ಇದ್ದರೆ ಜೋಪಾನ ಮಾಡಿ.

ಘಟಪ್ರಭಾ ದಂಡೆಯವ

ಎಲ್ಲರಿಗೂ ಧನ್ಯವಾದ. ಅಕ್ಕಾ, ಠರಾವಿನ ಮಾತು ನನಗೆ ಹೊಳೆದೇ ಇರಲಿಲ್ಲ. ಕಾಕಾ, ನಿಮ್ಮ ನೋವು ಅರ್ಥ ಆಗುತ್ತದೆ.

ಆದರೆ ಒಂದು ಭಯ ಇದೆ, ಅದನ್ನು ಹೇಳಲೇಬೇಕು. ನನ್ನ ಹೆಸರಲ್ಲಿ ಅರ್ಜಿ ಹೋದರೆ ಕಾರ್ಖಾನೆಯ ಫೀಲ್ಡ್‌ಮನ್ ನನ್ನ ಹೊಲಕ್ಕೆ ಕಟಾವು ಗ್ಯಾಂಗ್ ಕಳಿಸುವುದಿಲ್ಲ. ಕಬ್ಬು ಒಂದು ತಿಂಗಳು ತಡವಾಗಿ ಕಡಿದರೆ ತೂಕ ಹೋಗುತ್ತದೆ, ಬೇಸಿಗೆಯಲ್ಲಿ ಒಣಗಿದರೆ ವರ್ಷದ ದುಡಿಮೆಯೇ ಹೋಯಿತು. ಚಿಕ್ಕಪ್ಪನ ಮಗ ಅಲ್ಲೇ ಕೆಲಸಕ್ಕಿದ್ದಾನೆ. ಊರಲ್ಲಿ ಯಾರೂ ಬಾಯಿ ಬಿಡದೇ ಇರುವುದು ಇದಕ್ಕೇ, ಧೈರ್ಯ ಇಲ್ಲ ಅಂತಲ್ಲ.

ಟಿಳಕವಾಡಿ ವಕೀಲ, ಬೆಳಗಾವಿ

ನಿನ್ನ ಭಯ ಸುಳ್ಳಲ್ಲ. ಮಾಹಿತಿ ಕೇಳಿದವರಿಗೆ ಹೊಡೆತ ಬಿದ್ದದ್ದು, ಜೀವ ಹೋದದ್ದೂ ಈ ದೇಶದಲ್ಲಿ ಆಗಿದೆ. ಅದಕ್ಕೇ ನೀನು ಅರ್ಜಿ ಹಾಕಬೇಡ. ಮಾಹಿತಿ ಹಕ್ಕಿಗೆ ಊರಿನವನೇ ಆಗಬೇಕು ಅಂತ ಇಲ್ಲ, ದೇಶದ ಯಾವ ನಾಗರಿಕನಾದರೂ ಕೇಳಬಹುದು. ಆ ಕಾರ್ಖಾನೆಗೆ ಕಬ್ಬು ಕಳಿಸದ, ಬೇರೆ ತಾಲೂಕಿನ ನೆಂಟರೊಬ್ಬರು ಹಾಕಲಿ. ದೂರು ಮಾತ್ರ ಅಕ್ಕಾರು ಹೇಳಿದ ಹಾಗೆ ಠರಾವಾಗಿ, ಇಡೀ ಊರಿನ ಸಹಿಯೊಂದಿಗೆ ಹೋಗಲಿ. ಎಲ್ಲರ ಹೊಲಕ್ಕೂ ಗ್ಯಾಂಗ್ ನಿಲ್ಲಿಸಿದರೆ ಗಾಣಕ್ಕೆ ಕಬ್ಬು ಎಲ್ಲಿಂದ ಬರುತ್ತದೆ? ಗೋಕಾಕದವರು ಹೇಳಿದ ಒಗ್ಗಟ್ಟು ಇಲ್ಲಿ ಬೇಕಾಗುತ್ತದೆ.

ಇನ್ನೊಂದು ಎಚ್ಚರಿಕೆ. 2023ರ ಡೇಟಾ ರಕ್ಷಣಾ ಕಾಯ್ದೆಯಿಂದ ಮಾಹಿತಿ ಹಕ್ಕಿನ 8(1)(ಜೆ) ಬದಲಾಗಿದೆ, 2025ರ ನವೆಂಬರ್‌ನಿಂದ ಜಾರಿಯಲ್ಲಿದೆ. "ವೈಯಕ್ತಿಕ ಮಾಹಿತಿ" ಅಂತ ಹೇಳಿ ಕೊಡದೇ ಇರುವುದು ಈಗ ಸುಲಭ ಆಗಿದೆ, ಇದು ನನಗೆ ತುಂಬಾ ಕಳವಳದ ವಿಷಯ. ಹಾಗಾಗಿ ಬೇರೆ ರೈತರ ಹೆಸರು, ಖಾತೆ ವಿವರ ಕೇಳಬೇಡಿ. ಯಂತ್ರ, ಮುದ್ರೆ, ವರದಿ, ತಾರೀಖು ಇಷ್ಟನ್ನೇ ಕೇಳಿ.

ಕಾಟಾದಿಂದ ಶುರು ಮಾಡಿ, ಅದರ ಕಾಗದ ಬೇಗ ಸಿಗುತ್ತದೆ. ಮಾಹಿತಿ ಹಕ್ಕು ಅರ್ಜಿಯ ನಮೂನೆ ಎ ತೆಗೆದುಕೊಂಡು ಕಾನೂನು ಮಾಪನ ಇಲಾಖೆಯ ಜಿಲ್ಲಾ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಹೀಗೆ ಬರೆಯಿರಿ, ಜೊತೆಗೆ 10 ರೂಪಾಯಿ ಪೋಸ್ಟಲ್ ಆರ್ಡರ್, ಸ್ಪೀಡ್ ಪೋಸ್ಟ್‌ನಲ್ಲಿ, ರಸೀದಿ ಇಟ್ಟುಕೊಂಡು:

"ವಿಷಯ: ಸಕ್ಕರೆ ಕಾರ್ಖಾನೆಯ ತೂಕದ ಸೇತುವೆಗಳ ಪರಿಶೀಲನೆ. ಮುಧೋಳ ತಾಲೂಕಿನ (ಕಾರ್ಖಾನೆ ಹೆಸರು) ಇಲ್ಲಿರುವ ಎಲ್ಲಾ ತೂಕದ ಸೇತುವೆಗಳಿಗೆ ಕಳೆದ ಎರಡು ವರ್ಷಗಳಲ್ಲಿ ನೀಡಿದ ಪರಿಶೀಲನಾ ಪ್ರಮಾಣಪತ್ರಗಳ ದೃಢೀಕೃತ ನಕಲು ನೀಡಿ. ಇದೇ ಅವಧಿಯಲ್ಲಿ ತಮ್ಮ ಅಧಿಕಾರಿಗಳು ನಡೆಸಿದ ದಿಢೀರ್ ತಪಾಸಣೆಗಳ ದಿನಾಂಕ ಮತ್ತು ವರದಿಗಳ ನಕಲು ನೀಡಿ. ವ್ಯತ್ಯಾಸ ಕಂಡುಬಂದಿದ್ದರೆ ಕೊಟ್ಟ ನೋಟಿಸು ಮತ್ತು ವಿಧಿಸಿದ ದಂಡದ ವಿವರದ ನಕಲು ನೀಡಿ. ಈ ಮಾಹಿತಿ ಬೇರೆ ಕಚೇರಿಯಲ್ಲಿದ್ದರೆ ಕಲಂ 6(3)ರ ಪ್ರಕಾರ 5 ದಿನದೊಳಗೆ ಅರ್ಜಿಯನ್ನು ವರ್ಗಾಯಿಸಿ ನನಗೆ ತಿಳಿಸಿ."